ಮಾಸ್ಕ್ ನೆಪ, ಮನೆ ಮೂರು ಪಾಲು

2020ರ ಮೇ 10, ಭಾನುವಾರ. ಅಮೆರಿಕದಲ್ಲಿ ಅಂದು ಅಮ್ಮಂದಿರ ದಿನ. ಕೊಲರಾಡೊ ರಾಜ್ಯದ ಕಾಸಲ್ ರಾಕ್ ಎಂಬ ಊರಿನ ಒಂದು ಕಾಫಿ ಹೋಟೆಲಿನಲ್ಲಿ ಕಾಲಿಡಲು ಜಾಗವಿಲ್ಲ. ಮೇಜುಗಳೆಲ್ಲ ಭರ್ತಿ, ಕೌಂಟರಿನ ಮುಂದೆ ಭುಜಕ್ಕೆ ಭುಜ ತಾಗಿಸಿ ನಿಂತ ಜನ. ಮಾಸ್ಕ್ ಹಾಕಿದವರನ್ನು ಹುಡುಕಬೇಕು. ಕೋವಿಡ್ ಕಾಲ; ಆಗಿನ್ನೂ ರಾಜ್ಯದಲ್ಲಿ ಹೋಟೆಲಿನಲ್ಲಿ ಕೂತು ತಿನ್ನುವಂತಿರಲಿಲ್ಲ, ಪಾರ್ಸೆಲ್‌ಗಷ್ಟೇ ಅನುಮತಿ. ಯಾರೋ ಮೊಬೈಲಿನಲ್ಲಿ ತೆಗೆದ ವಿಡಿಯೊ ನೋಡನೋಡುತ್ತಿದ್ದಂತೆ ದೇಶವೆಲ್ಲ ಸುತ್ತಿತು. ಹೋಟೆಲಿಗೆ ಬೀಗ ಹಾಕುವಂತೆ ಆದೇಶ ಬಂತು. ಮರುದಿನ ಗವರ್ನರ್ ಜಾರೆಡ್ ಪೋಲಿಸ್ ಅದರ ಲೈಸೆನ್ಸನ್ನೇ ಅಮಾನತಿನಲ್ಲಿಟ್ಟರು.

ಬೀಗ ಹಾಕಿಸಿದ ಕಚೇರಿಯ ಹೆಸರು ಟ್ರೈ-ಕೌಂಟಿ ಹೆಲ್ತ್ ಡಿಪಾರ್ಟ್‌ಮೆಂಟ್. ಮೂರು ಕೌಂಟಿಗಳು ಸೇರಿ ನಡೆಸುತ್ತಿದ್ದ ಆರೋಗ್ಯ ಇಲಾಖೆ. ಕೊಲರಾಡೊದ ಜನರಲ್ಲಿ ನಾಲ್ಕರಲ್ಲಿ ಒಬ್ಬರಿಗಿಂತ ಹೆಚ್ಚು ಮಂದಿ, ಅಂದರೆ 15 ಲಕ್ಷ ಜನ, ಅದರ ವ್ಯಾಪ್ತಿಯಲ್ಲಿದ್ದರು. ಆ ಹೋಟೆಲು ಮುಂದೆ ಏನಾಯಿತು ಎನ್ನುವುದು ಇಲ್ಲಿನ ಕಥೆಯಲ್ಲ. ಬೀಗ ಹಾಕಿಸಿದ ಕಚೇರಿಗೇ ಎರಡೂವರೆ ವರ್ಷದಲ್ಲಿ ಬೀಗ ಬಿತ್ತು ಎನ್ನುವುದು ಕಥೆ.

ಯಾವುದಕ್ಕೆ ಯಾವುದು ಸಮ?

ಕೌಂಟಿ ಎಂದರೆ ನಮ್ಮ ಜಿಲ್ಲೆ ಎಂದುಕೊಂಡರೆ ಅರ್ಧ ಸರಿ. ಕೊಲರಾಡೊದಲ್ಲಿ ಇಂಥ 64 ಕೌಂಟಿಗಳಿವೆ. ಕೆಲವು ನಮ್ಮ ಒಂದು ಹೋಬಳಿಯಷ್ಟು ಜನರನ್ನೂ ಹೊಂದಿಲ್ಲ, ಕೆಲವು ದೊಡ್ಡ ನಗರದಷ್ಟು. ಅದನ್ನು ಆಳುವವರು ಕಮಿಷನರುಗಳು. ನಮ್ಮಲ್ಲಿ ಕಮಿಷನರ್ ಎಂದರೆ ಸರ್ಕಾರ ವರ್ಗ ಮಾಡಿ ಕಳಿಸಿದ ಅಧಿಕಾರಿ. ಅಲ್ಲಿ ಅವರು ಪಕ್ಷದ ಟಿಕೆಟ್ ಹಿಡಿದು, ವೋಟು ಕೇಳಿ, ಗೆದ್ದು ಬಂದವರು.

ನಮ್ಮ ಜಿಲ್ಲಾ ಆರೋಗ್ಯಾಧಿಕಾರಿ, ಅಂದರೆ ಡಿಎಚ್‌ಒ, ರಾಜ್ಯ ಸರ್ಕಾರದ ನೌಕರ. ತುಮಕೂರು ಜಿಲ್ಲೆ 'ನಮಗೆ ರಾಜ್ಯದ ಆರೋಗ್ಯ ಇಲಾಖೆ ಸಾಕು, ನಾವು ಬೇರೆ ಆಗ್ತೀವಿ' ಎಂದು ಠರಾವು ಮಾಡುವ ಪ್ರಶ್ನೆಯೇ ಏಳುವುದಿಲ್ಲ. ಕೊಲರಾಡೊದಲ್ಲಿ ಏಳುತ್ತದೆ. ಅಲ್ಲಿನ 2008ರ ಸಾರ್ವಜನಿಕ ಆರೋಗ್ಯ ಕಾನೂನಿನ ಪ್ರಕಾರ ಪ್ರತಿ ಕೌಂಟಿಯೂ ಸ್ವಂತ ಆರೋಗ್ಯ ಇಲಾಖೆ ಇಟ್ಟುಕೊಳ್ಳಬೇಕು, ಇಲ್ಲವೇ ಅಕ್ಕಪಕ್ಕದ ಕೌಂಟಿಗಳ ಜತೆ ಸೇರಿ ಒಂದನ್ನು ನಡೆಸಬೇಕು. ಹಾಗೆ ಸೇರಿ ನಡೆಸುವುದಕ್ಕೇ ಅವರು 'ಹೆಲ್ತ್ ಡಿಸ್ಟ್ರಿಕ್ಟ್' ಎನ್ನುವುದು. ಸೇರಿದ ಮೇಲೆ ಬಿಡಲೂಬಹುದು. ಮುಂಚಿತವಾಗಿ ಲಿಖಿತ ನೋಟಿಸು ಕೊಡಬೇಕು, ಅಷ್ಟೆ.

ಟ್ರೈ-ಕೌಂಟಿಯಲ್ಲಿ ಇದ್ದದ್ದು ಡೆನ್ವರ್ ನಗರವನ್ನು ಉತ್ತರ, ಪೂರ್ವ, ದಕ್ಷಿಣಗಳಿಂದ ಬಳಸಿಕೊಂಡ ಆಡಮ್ಸ್, ಅರಪಾಹೋ, ಡಗ್ಲಸ್. ಒಂಬತ್ತು ಜನರ ಆರೋಗ್ಯ ಮಂಡಳಿ; ಪ್ರತಿ ಕೌಂಟಿಯಿಂದ ಮೂವರು ಸದಸ್ಯರು. ಅವರು ಚುನಾಯಿತರಲ್ಲ, ಆಯಾ ಕೌಂಟಿಯ ಕಮಿಷನರುಗಳು ನೇಮಿಸಿದವರು. ಕೌಂಟಿಗಳು ತಲೆಗೆ ಇಷ್ಟು ಎಂಬ ಲೆಕ್ಕದಲ್ಲಿ ಹಣ ಹಾಕುತ್ತಿದ್ದವು. ಬಜೆಟ್ಟಿನ ದೊಡ್ಡ ಪಾಲು ರಾಜ್ಯ ಮತ್ತು ಕೇಂದ್ರದ ಅನುದಾನಗಳಿಂದ ಬರುತ್ತಿತ್ತು.

ಟೈಫಾಯ್ಡ್ ಕಾಲದ ಪಾಠ

ಕೌಂಟಿ ಮಟ್ಟದಲ್ಲಿ ಪೂರ್ಣಾವಧಿ ಆರೋಗ್ಯ ಇಲಾಖೆ ಬೇಕು ಎಂಬ ಬುದ್ಧಿ ಅಮೆರಿಕಕ್ಕೆ ಬಂದದ್ದು ಕಕ್ಕಸಿನ ಗುಂಡಿಗಳಿಂದ. ವಾಷಿಂಗ್ಟನ್ ರಾಜ್ಯದ ಯಾಕಿಮಾದಲ್ಲಿ ಟೈಫಾಯ್ಡ್ ಹಬ್ಬಿದಾಗ ಕೇಂದ್ರ ಸರ್ಕಾರದ ವೈದ್ಯ ಲೆಸ್ಲಿ ಲಮ್ಸ್‌ಡೆನ್ ಬಂದು ನೋಡಿದರು. ತೆರೆದ ಕಕ್ಕಸು, ಅದರ ಪಕ್ಕದಲ್ಲೇ ಬಾವಿ, ನಡುವೆ ನೊಣ. ಔಷಧಿ ಕೊಟ್ಟು ಹೋದರೆ ಇದು ಮತ್ತೆ ಬರುತ್ತದೆ, ಊರಲ್ಲೇ ಇದ್ದು ವರ್ಷವಿಡೀ ಇದನ್ನೇ ನೋಡುವ ಕಚೇರಿ ಬೇಕು ಎಂದರು. 1911ರಲ್ಲಿ ಯಾಕಿಮಾ ಕೌಂಟಿ ಅಂಥದ್ದೊಂದನ್ನು ತೆರೆಯಿತು.

ಸಣ್ಣ ಕೌಂಟಿಗಳಿಗೆ ಇದು ಕೈಗೆಟುಕುವ ಮಾತಾಗಿರಲಿಲ್ಲ. ಒಬ್ಬ ವೈದ್ಯ, ಇಬ್ಬರು ನರ್ಸು, ಒಬ್ಬ ಸ್ಯಾನಿಟರಿ ಇನ್ಸ್‌ಪೆಕ್ಟರ್, ಗುಮಾಸ್ತರು. ಇಷ್ಟಕ್ಕೇ ತಿಜೋರಿ ಖಾಲಿ. ಹೇವನ್ ಎಮರ್ಸನ್ ನೇತೃತ್ವದ ಸಮಿತಿ 1945ರಲ್ಲಿ ಒಂದು ವರದಿ ಕೊಟ್ಟಿತು. ಒಂದು ಆರೋಗ್ಯ ಘಟಕ ನೆಟ್ಟಗೆ ನಡೆಯಬೇಕಾದರೆ ಅದರಡಿ ಕಡೇಪಕ್ಷ 50 ಸಾವಿರ ಜನರಿರಬೇಕು, ಸಣ್ಣವು ಒಂದುಗೂಡಲಿ, ಇಡೀ ದೇಶಕ್ಕೆ ಸುಮಾರು 1,200 ಘಟಕ ಸಾಕು ಎಂದಿತು.

ಮೂರು ವರ್ಷದ ಮೇಲೆ, 1948ರಲ್ಲಿ, ಟ್ರೈ-ಕೌಂಟಿ ಹುಟ್ಟಿತು; ಡಗ್ಲಸ್ ಆಗಿನ್ನೂ ಅದರಲ್ಲಿರಲಿಲ್ಲ. 1950ರ ಜನಗಣತಿಯಲ್ಲಿ ಆಡಮ್ಸ್ ಕೌಂಟಿಗೆ 40 ಸಾವಿರ ಜನ, ಅರಪಾಹೋಗೆ 52 ಸಾವಿರ. ಡಗ್ಲಸ್‌ಗೆ? ಮೂರೂವರೆ ಸಾವಿರ. ಹುಲ್ಲುಗಾವಲು, ದನ, ಅಲ್ಲೊಂದು ಇಲ್ಲೊಂದು ಮನೆ. 1966ರಲ್ಲಿ ಅದು ಟ್ರೈ-ಕೌಂಟಿ ಸೇರಿದಾಗಲೂ ಜನಸಂಖ್ಯೆ ಹತ್ತು ಸಾವಿರ ಮುಟ್ಟಿರಲಿಲ್ಲ. ಸ್ವಂತ ಆರೋಗ್ಯ ಇಲಾಖೆ ಕಟ್ಟಿಕೊಳ್ಳುವ ಮಾತು ಹಾಗಿರಲಿ, ಒಬ್ಬ ಪೂರ್ಣಾವಧಿ ವೈದ್ಯರನ್ನು ಇಟ್ಟುಕೊಳ್ಳುವುದೂ ಕಷ್ಟವಿತ್ತು.

ಆಮೇಲೆ ಡೆನ್ವರ್ ದಕ್ಷಿಣಕ್ಕೆ ಬೆಳೆಯಿತು. ಹೈಲ್ಯಾಂಡ್ಸ್ ರ‍್ಯಾಂಚ್, ಪಾರ್ಕರ್, ಲೋನ್ ಟ್ರೀ ಬಡಾವಣೆಗಳೆದ್ದವು. ಡಗ್ಲಸ್‌ನ ಜನಸಂಖ್ಯೆ 1990ರಲ್ಲಿ 60 ಸಾವಿರ, 2000ದಲ್ಲಿ ಒಂದು ಲಕ್ಷ 75 ಸಾವಿರ, 2020ರಲ್ಲಿ 3,57,978. ಮನೆಯೊಂದರ ಸರಾಸರಿ ಆದಾಯ ವರ್ಷಕ್ಕೆ ಒಂದು ಲಕ್ಷ ಡಾಲರ್ ದಾಟಿ, ಅಮೆರಿಕದ ಅತಿ ಶ್ರೀಮಂತ ಕೌಂಟಿಗಳ ಪಟ್ಟಿಯಲ್ಲಿ ಅದರ ಹೆಸರು ಬರತೊಡಗಿತು. ಆಡಮ್ಸ್‌ನದು ಬೇರೆ ಚಿತ್ರ: ಕಾರ್ಖಾನೆ, ತೈಲ ಶುದ್ಧೀಕರಣ ಘಟಕ, ದಿನಗೂಲಿ, ಸ್ಪ್ಯಾನಿಷ್ ಮಾತಾಡುವ ಮನೆಗಳು. ಒಬ್ಬರ ರೋಗ ಇನ್ನೊಬ್ಬರ ರೋಗವಲ್ಲ, ಒಬ್ಬರ ರಾಜಕೀಯ ಇನ್ನೊಬ್ಬರದಲ್ಲ. ಆದರೂ ಲೆಕ್ಕದ ಪುಸ್ತಕ ಒಂದೇ ಇತ್ತು, ಅರ್ಧ ಶತಮಾನ ದೊಡ್ಡ ತಕರಾರಿಲ್ಲದೆ.

ಕಾಣದ ಕೆಲಸ

ಈ ಕಚೇರಿ ದಿನವೂ ಮಾಡುತ್ತಿದ್ದುದೇನು? ಒಂದು ಹೋಟೆಲಿನ ಅಡುಗೆಮನೆಗೆ ಹೋಗೋಣ. ಇನ್ಸ್‌ಪೆಕ್ಟರ್ ಬಂದು ಮೊದಲು ಕೈ ತೊಳೆಯುತ್ತಾರೆ. ಆಮೇಲೆ ಜೇಬಿನಿಂದ ಪೆನ್ನಿನಂಥ ಥರ್ಮಾಮೀಟರ್ ತೆಗೆದು, ತಣ್ಣಗಿರಬೇಕಾದ ಮಾಂಸಕ್ಕೆ ಚುಚ್ಚುತ್ತಾರೆ. 41 ಡಿಗ್ರಿ ಫ್ಯಾರನ್‌ಹೀಟ್‌ಗಿಂತ ಮೇಲಿರಕೂಡದು. ಬಿಸಿಯಾಗಿಟ್ಟ ಸಾರಿಗೆ ಅದ್ದುತ್ತಾರೆ; 135ಕ್ಕಿಂತ ಕೆಳಗಿಳಿಯಕೂಡದು. ಇವೆರಡರ ನಡುವಿನದು ಬ್ಯಾಕ್ಟೀರಿಯಾ ಹುಲುಸಾಗಿ ಬೆಳೆಯುವ ಜಾಗ. ಪಾತ್ರೆ ತೊಳೆಯುವ ನೀರಿಗೆ ಕಾಗದದ ಪಟ್ಟಿ ಅದ್ದಿ, ಬಣ್ಣ ನೋಡಿ, ಬ್ಲೀಚ್ ಸಾಕಷ್ಟಿದೆಯೇ ಎಂದು ಅಳೆಯುತ್ತಾರೆ. ಆ ಹೋಟೆಲಿನಲ್ಲಿ ಉಂಡವರಿಗೆ ಆ ರಾತ್ರಿ ಏನೂ ಆಗುವುದಿಲ್ಲ. ಕೆಲಸ ಚೆನ್ನಾಗಿ ಆಗಿದ್ದಕ್ಕೆ ಅದೊಂದೇ ಸಾಕ್ಷಿ: ಏನೂ ಆಗಲಿಲ್ಲ.

ಇನ್ನೊಂದು ಕಡೆ ಆಡಮ್ಸ್ ಕೌಂಟಿಯ ಬಾವಿಗಳು. ಎರಡನೇ ಮಹಾಯುದ್ಧದ ನಡುವೆ, 1942ರಲ್ಲಿ, ಸೇನೆ ಅಲ್ಲಿ ರಾಕಿ ಮೌಂಟನ್ ಆರ್ಸೆನಲ್ ಎಂಬ ರಾಸಾಯನಿಕ ಅಸ್ತ್ರಗಳ ಕಾರ್ಖಾನೆ ತೆರೆಯಿತು. ಮುಂದೆ ಅದೇ ಆವರಣದಲ್ಲಿ ಶೆಲ್ ಕಂಪನಿ ಕೀಟನಾಶಕ ತಯಾರಿಸಿತು. ಎರಡರ ಕೊಳಕೂ ನೆಲದೊಳಗೆ ಇಳಿಯಿತು. ಈಗ ಅದು ವನ್ಯಧಾಮ, ಕಾಡೆಮ್ಮೆಯಂಥ ಬೈಸನ್‌ಗಳು ಮೇಯುತ್ತವೆ, ಜನ ಕಾರಿನಲ್ಲಿ ಕೂತು ಫೋಟೊ ತೆಗೆಯುತ್ತಾರೆ. ಆದರೆ ಸುತ್ತಲಿನ ಮನೆಗಳ ಖಾಸಗಿ ಬಾವಿಗಳಿಂದ ನೀರಿನ ಮಾದರಿ ತೆಗೆದು ಪರೀಕ್ಷಿಸುವ ಕೆಲಸ ನಿಲ್ಲುವಂತಿಲ್ಲ. ಟ್ರೈ-ಕೌಂಟಿ ಅದನ್ನು ಮಾಡುತ್ತಿತ್ತು.

ಚೊಚ್ಚಲ ಬಸುರಿಯಾದ ಬಡ ಹೆಣ್ಣುಮಗಳ ಮನೆಗೆ ನರ್ಸ್ ಹೋಗಿ, ಮಗುವಿಗೆ ಎರಡು ವರ್ಷ ತುಂಬುವವರೆಗೆ ಆಗಾಗ ಮಾತಾಡಿಸಿಕೊಂಡು ಬರುವ ಯೋಜನೆಯನ್ನೂ ಈ ಇಲಾಖೆ ನಡೆಸುತ್ತಿತ್ತು. ನಮ್ಮ ಆಶಾ ಕಾರ್ಯಕರ್ತೆಯರನ್ನು ಬಲ್ಲವರಿಗೆ ಇದರ ಬೆಲೆ ಹೇಳಬೇಕಾಗಿಲ್ಲ. ಜನನ–ಮರಣ ಪತ್ರ, ಮಕ್ಕಳ ಲಸಿಕೆ, ಬಡ ತಾಯಂದಿರಿಗೆ ಪೌಷ್ಟಿಕ ಆಹಾರ, ಕ್ಷಯರೋಗಿಯ ಮಾತ್ರೆ ತಪ್ಪದಂತೆ ನೋಡುವುದು ಎಲ್ಲ ಇಲ್ಲೇ.

ಹೀಗೆ ಎಪ್ಪತ್ತು ವರ್ಷ ಯಾರ ಕಣ್ಣಿಗೂ ಬೀಳದಿದ್ದ ಇಲಾಖೆ ಮೊದಲ ಬಾರಿ ಎಲ್ಲರ ಕಣ್ಣಿಗೆ ಬಿದ್ದದ್ದು, ಅದು ಜನರನ್ನು ತಡೆದಾಗ.

ಐದು, ನಾಲ್ಕು

2020ರ ಜುಲೈ 8ರಂದು ಮಂಡಳಿಯ ಮುಂದೆ ಮಾಸ್ಕ್ ಕಡ್ಡಾಯದ ಪ್ರಸ್ತಾವ ಬಂತು. ಪರವಾಗಿ ಐದು ವೋಟು, ವಿರುದ್ಧ ನಾಲ್ಕು. ಬೇಡವೆನ್ನುವ ಕೌಂಟಿ ಅಥವಾ ಊರು ಹೊರಗುಳಿಯಬಹುದು ಎಂಬ ಅವಕಾಶವೂ ಆ ಆದೇಶದಲ್ಲೇ ಇತ್ತು. ಡಗ್ಲಸ್ ಹೊರಗುಳಿದು ಸುಮ್ಮನಾಗಬಹುದಿತ್ತು. ಆಗಲಿಲ್ಲ. ಮರುದಿನವೇ ಅದರ ಕಮಿಷನರುಗಳು ಟ್ರೈ-ಕೌಂಟಿಯನ್ನೇ ಬಿಡುತ್ತೇವೆ ಎಂದರು.

ಒಂದು ವಾರ ಕಳೆಯಿತು. ಜುಲೈ 16ರಂದು ಗವರ್ನರ್ ಇಡೀ ರಾಜ್ಯಕ್ಕೆ ಮಾಸ್ಕ್ ಕಡ್ಡಾಯ ಮಾಡಿದರು. ಯಾವ ಆದೇಶಕ್ಕಾಗಿ ಮನೆ ಬಿಡುತ್ತೇವೆ ಎಂದರೋ ಆ ಆದೇಶ ಈಗ ಬೀದಿಗೂ ಬಂತು. ಆದರೆ ಆಡಿದ ಮಾತು ಆಡಿಯಾಗಿತ್ತು.

ಇಲಾಖೆಯ ಮುಖ್ಯಸ್ಥರಾಗಿದ್ದವರು ಡಾ. ಜಾನ್ ಡಗ್ಲಸ್. ಕೌಂಟಿಯ ಹೆಸರೂ ಡಗ್ಲಸ್, ಅವರದೂ ಡಗ್ಲಸ್, ನಂಟಿಲ್ಲ. ಸುದ್ದಿ ಓದುವವರಿಗೆ ತಲೆಬಿಸಿ, ಅಷ್ಟೆ. ಸಾಂಕ್ರಾಮಿಕ ರೋಗಗಳಲ್ಲೇ ಪಳಗಿದ ವೈದ್ಯರು. ಅವರ ಇಲಾಖೆಯ ಕಚೇರಿಗಳಿಗೆ ಆ ವರ್ಷ ಕಿಡಿಗೇಡಿಗಳು ಹಾನಿ ಮಾಡಿದರು. ಆರೋಗ್ಯ ಸಿಬ್ಬಂದಿಯ ಮನೆ ವಿಳಾಸವನ್ನು ಅವರಿಗೆ ಕೇಡಾಗಲೆಂದು ಅಂತರ್ಜಾಲದಲ್ಲಿ ಹಾಕುವುದನ್ನು ಅಪರಾಧವೆನ್ನುವ ಕಾನೂನನ್ನು ಕೊಲರಾಡೊ 2021ರಲ್ಲಿ ಮಾಡಬೇಕಾಯಿತು. ಬಾವಿ ನೀರು ಪರೀಕ್ಷಿಸುವವರಿಗೆ ಇಂಥ ರಕ್ಷಣೆ ಬೇಕಾದೀತೆಂದು ಯಾರು ಎಣಿಸಿದ್ದರು?

2020ರ ಕೊನೆಯ ಹೊತ್ತಿಗೆ ಹಿರಿಯರು ಕೂತು ಒಂದು ರಾಜಿ ಮಾಡಿದರು. ಡಗ್ಲಸ್ 2022ರ ಅಂತ್ಯದವರೆಗೆ ಇರುತ್ತದೆ. ಪ್ರತಿಯಾಗಿ, ಇಷ್ಟವಿಲ್ಲದ ಆರೋಗ್ಯ ಆದೇಶಗಳಿಂದ ಹೊರಗುಳಿಯುವ ಹಕ್ಕು ಅದಕ್ಕಿರುತ್ತದೆ. ಅಡುಗೆ ಒಂದೇ, ಬೇಡವಾದದ್ದನ್ನು ಬಡಿಸಿಕೊಳ್ಳದಿದ್ದರಾಯಿತು ಎಂಬಂಥ ಒಪ್ಪಂದ.

ಶಾಲೆ ಬಾಗಿಲಿನಲ್ಲಿ

ಈ ಒಪ್ಪಂದ ಒಂದು ವರ್ಷವೂ ಬಾಳಲಿಲ್ಲ. 2021ರ ಆಗಸ್ಟ್‌ನಲ್ಲಿ ಶಾಲೆಗಳು ತೆರೆದವು, ಕೋವಿಡ್‌ನ ಡೆಲ್ಟಾ ತಳಿ ಹಬ್ಬುತ್ತಿತ್ತು, ಸಣ್ಣ ಮಕ್ಕಳಿಗೆ ಲಸಿಕೆ ಇನ್ನೂ ಬಂದಿರಲಿಲ್ಲ. ಟ್ರೈ-ಕೌಂಟಿ ಮೊದಲು 2ರಿಂದ 11 ವರ್ಷದ ಮಕ್ಕಳಿಗೆ ಶಾಲೆಯಲ್ಲಿ ಮಾಸ್ಕ್ ಎಂದಿತು. ಡಗ್ಲಸ್ ಹೊರಗುಳಿಯಿತು. ತಿಂಗಳ ಕೊನೆಗೆ ಮಂಡಳಿ ಮತ್ತೆ ಸೇರಿ, ಹೊರಗುಳಿಯುವ ಹಕ್ಕನ್ನೇ ತೆಗೆದುಹಾಕಿತು. ಎರಡು ವರ್ಷ ಮೇಲ್ಪಟ್ಟ ಎಲ್ಲರಿಗೂ ಶಾಲೆಯಲ್ಲಿ ಮಾಸ್ಕ್ ಎಂದಿತು.

ರೋಗದ ಲೆಕ್ಕದಲ್ಲಿ ಮಂಡಳಿಯ ತೀರ್ಮಾನಕ್ಕೆ ಕಾರಣವಿತ್ತು. ಆದರೆ ಡಗ್ಲಸ್ ಉಳಿದುಕೊಂಡದ್ದೇ ಆ ಹಕ್ಕಿನ ಮೇಲೆ ಎನ್ನುವುದನ್ನು ಅದು ಮರೆತಂತೆ ಕಾಣುತ್ತದೆ. ಕೊಟ್ಟ ಮಾತನ್ನು ಹಿಂದಕ್ಕೆ ಪಡೆದ ಮೇಲೆ ಜತೆಗಿರು ಎಂದು ಕೇಳುವ ಬಾಯಿ ಉಳಿಯುವುದಿಲ್ಲ.

ಸೆಪ್ಟೆಂಬರ್ 7ರಂದು ಡಗ್ಲಸ್ ಕಮಿಷನರುಗಳು ಬೇರ್ಪಡುವ ಠರಾವು ಮಾಡಿ ತಮ್ಮದೇ ಆರೋಗ್ಯ ಮಂಡಳಿ ನೇಮಿಸಿದರು. ಅಕ್ಟೋಬರ್ 8ರಂದು ಆ ಹೊಸ ಮಂಡಳಿ ಆದೇಶ ಹೊರಡಿಸಿತು: ತಂದೆತಾಯಿ ಬರೆದು ಸಹಿ ಹಾಕಿಕೊಟ್ಟರೆ ಮಗುವಿಗೆ ಮಾಸ್ಕ್‌ನಿಂದ ವಿನಾಯಿತಿ.

ಇದನ್ನು ವಿರೋಧಿಸಿ ಕೋರ್ಟಿಗೆ ಹೋದದ್ದು ಬೇರೆ ಯಾರೂ ಅಲ್ಲ, ಅದೇ ಡಗ್ಲಸ್ ಕೌಂಟಿಯ ಶಾಲಾ ಆಡಳಿತ, ಅಂಗವೈಕಲ್ಯವಿರುವ ಕೆಲವು ಮಕ್ಕಳ ಕುಟುಂಬಗಳೊಂದಿಗೆ. ಕಾಯಿಲೆ ತಗಲಿದರೆ ಜೀವಕ್ಕೇ ಅಪಾಯವಿರುವ ಮಗು, ಸುತ್ತಲಿನವರು ಮಾಸ್ಕ್ ಹಾಕದಿದ್ದರೆ ಶಾಲೆಗೇ ಬರಲಾಗದು. ಅದು ಅಂಗವಿಕಲರ ಹಕ್ಕಿನ ಕಾನೂನಿನ ಉಲ್ಲಂಘನೆ ಎಂಬುದು ವಾದ. ಫೆಡರಲ್ ನ್ಯಾಯಾಧೀಶ ಜಾನ್ ಕೇನ್ ಅಕ್ಟೋಬರ್ 26ರಂದು ಕೌಂಟಿಯ ಆದೇಶಕ್ಕೆ ತಾತ್ಕಾಲಿಕ ತಡೆ ಕೊಟ್ಟರು. ವಾರದೊಳಗೆ, ನವೆಂಬರ್ 2ರಂದು, ಶಾಲಾ ಮಂಡಳಿಯ ಚುನಾವಣೆ. ಮಾಸ್ಕ್ ವಿರೋಧಿಗಳು ನಾಲ್ಕು ಸ್ಥಾನ ಗೆದ್ದರು. ಡಿಸೆಂಬರ್‌ನಲ್ಲಿ ಶಾಲೆಯ ಮಾಸ್ಕ್ ನಿಯಮ ಹೋಯಿತು. ಕೋರ್ಟು ಕೊಟ್ಟದ್ದನ್ನು ಬ್ಯಾಲೆಟ್ಟು ತೆಗೆದುಕೊಂಡಿತು.

ಡಗ್ಲಸ್ ಹೇಳಿದ್ದು ತಪ್ಪೇ?

ಪೂರ್ತಿ ತಪ್ಪಲ್ಲ. ಒಂಬತ್ತರಲ್ಲಿ ಆರು ಸದಸ್ಯರು ಬೇರೆ ಕೌಂಟಿಗಳವರು. ಡಗ್ಲಸ್‌ನ ಮತದಾರ ಅವರನ್ನು ಆರಿಸಿಲ್ಲ, ಇಳಿಸಲೂ ಆರನು. ಮೂರೂವರೆ ಲಕ್ಷ ಜನರಿರುವ ಕೌಂಟಿ ಸ್ವಂತ ಇಲಾಖೆ ನಡೆಸಬಲ್ಲದು. ಎಮರ್ಸನ್ ವರದಿಯ 50 ಸಾವಿರದ ಗೆರೆಯನ್ನು ದಾಟಿ ಅದಕ್ಕೆ ದಶಕಗಳೇ ಆಗಿದ್ದವು. ತಣ್ಣಗಿನ ಕಾಲದಲ್ಲಿ, ಎರಡು–ಮೂರು ವರ್ಷ ತಯಾರಿ ಮಾಡಿ, ನರ್ಸುಗಳು, ಕಂಪ್ಯೂಟರು, ದಾಖಲೆ ಎಲ್ಲ ಅಚ್ಚುಕಟ್ಟಾಗಿ ಹಂಚಿಕೊಂಡು ಹೊರಬಂದಿದ್ದರೆ ಯಾರೂ ಬೆರಳು ತೋರಿಸುತ್ತಿರಲಿಲ್ಲ.

ಆರಿಸಿಕೊಂಡ ಹೊತ್ತು ಕೆಟ್ಟದ್ದು. ಬಾವಿ, ಹೋಟೆಲು, ಬಾಣಂತಿ, ಕ್ಷಯ ಇವೆಲ್ಲಕ್ಕೆ ಇದ್ದ ಸಂಸ್ಥೆಯನ್ನು ಮೂಗಿನ ಮೇಲಿನ ಒಂದು ಬಟ್ಟೆ ತುಂಡಿನ ಲೆಕ್ಕದಲ್ಲಿ ತೂಗಿದರು. ಮಾಸ್ಕಿನ ಜಗಳಕ್ಕೆ ಆಯುಸ್ಸು ಎರಡು ವರ್ಷವೂ ಇರಲಿಲ್ಲ. ವಿಭಾಗಕ್ಕೆ ಹಾಗಲ್ಲ, ಅದು ಶಾಶ್ವತ.

ಪಾಲುಪಟ್ಟಿ

ಅವಿಭಕ್ತ ಕುಟುಂಬದಿಂದ ಒಬ್ಬ ಹೊರಟರೆ ಉಳಿದವರೂ ತಮ್ಮ ತಮ್ಮ ಲೆಕ್ಕ ಹಾಕತೊಡಗುತ್ತಾರೆ. ಡಗ್ಲಸ್ ಹೊರಟ ಮರುತಿಂಗಳು, 2021ರ ಅಕ್ಟೋಬರ್‌ನಲ್ಲಿ, ಆಡಮ್ಸ್ ಕೌಂಟಿಯೂ ತಾನು ಬೇರೆ ಎಂದಿತು. ಅದು ಮಾಸ್ಕ್ ಮೇಲಿನ ಸಿಟ್ಟಲ್ಲ. ಮೂವರಲ್ಲಿ ಒಬ್ಬ ಹೋದ ಮೇಲೆ ಉಳಿದಿಬ್ಬರ ಕೂಟ ತನಗೆ ಲಾಭವೇ ಎಂಬ ಯೋಚನೆ. ಕೊನೆಗೆ ಅರಪಾಹೋ ಒಂಟಿ. ಒಬ್ಬರೇ ಇದ್ದರೆ 'ಟ್ರೈ' ಎಲ್ಲಿಂದ ಬರಬೇಕು? ಅದೂ ಸ್ವಂತ ಇಲಾಖೆ ಕಟ್ಟತೊಡಗಿತು.

2022 ಇಡೀ ವರ್ಷ ನಡೆದದ್ದು ಹಿಸ್ಸೆಯ ಕೆಲಸ. ಸಿಬ್ಬಂದಿಯಲ್ಲಿ ಯಾರು ಯಾವ ಕಡೆ? ಲಸಿಕೆಯ ಫ್ರಿಜ್ಜು ಯಾರಿಗೆ? ಮೂರೂ ಕೌಂಟಿಗೆ ಸೇರಿ ಬಂದ ಅನುದಾನ ಹೇಗೆ ಒಡೆಯಬೇಕು? ಹಣ, ವಸ್ತು ಹಂಚಬಹುದು. ಹಂಚಲಾಗದ್ದು ಅನುಭವ. ಮೂವತ್ತು ವರ್ಷ ಒಂದೇ ಬಗೆಯ ರೋಗದ ಜಾಡು ಹಿಡಿದು ಪಳಗಿದ ಒಬ್ಬ ತಜ್ಞೆ ಮೂರು ಹೋಳಾಗುವುದಿಲ್ಲ. ಒಂದು ಕಡೆ ಹೋದರೆ ಎರಡು ಕಡೆ ಖಾಲಿ. ದೊಡ್ಡ ಇಲಾಖೆಯ ಲಾಭವೇ ಅದು. ದಡಾರ ಎಂದಾದರೊಮ್ಮೆ ಬರುವ ಕಾಯಿಲೆ, ಅದಕ್ಕೆಂದೇ ಪ್ರತಿ ಕೌಂಟಿಯೂ ಒಬ್ಬರನ್ನು ಸಾಕಲಾಗದು. ಮೂರೂ ಸೇರಿದರೆ ಸಾಕಬಹುದು.

ಡಿಸೆಂಬರ್ 31, 2022. ಎಪ್ಪತ್ತನಾಲ್ಕು ವರ್ಷದ ಟ್ರೈ-ಕೌಂಟಿ ಮುಚ್ಚಿತು.

ಇದು ಕೊಲರಾಡೊ ಒಂದರ ಮಾತಲ್ಲ

ಪಶ್ಚಿಮದ ಇತರ ರಾಜ್ಯಗಳಲ್ಲೂ ಇದೇ ಬಿರುಕು ಬೇರೆ ಬೇರೆ ಆಕಾರದಲ್ಲಿ ಕಂಡಿದೆ. ಐಡಾಹೊದ 44 ಕೌಂಟಿಗಳು ಏಳು ಆರೋಗ್ಯ ಡಿಸ್ಟ್ರಿಕ್ಟ್‌ಗಳಲ್ಲಿ ಹಂಚಿಹೋಗಿವೆ. ಅವುಗಳಲ್ಲೊಂದಾದ ನೈಋತ್ಯ ಡಿಸ್ಟ್ರಿಕ್ಟ್‌ನ ಮಂಡಳಿ 2024ರ ಅಕ್ಟೋಬರ್‌ನಲ್ಲಿ 4–3 ವೋಟಿನಿಂದ ತನ್ನ ಆರು ಕೌಂಟಿಗಳ ಕ್ಲಿನಿಕ್ಕುಗಳಲ್ಲಿ ಕೋವಿಡ್ ಲಸಿಕೆ ಕೊಡುವುದನ್ನೇ ನಿಲ್ಲಿಸಿತು. ಅಲ್ಲಿ ಯಾರೂ ಮನೆ ಬಿಡಲಿಲ್ಲ. ಮನೆಯ ಔಷಧಿ ಡಬ್ಬಿಯಿಂದ ಒಂದು ಶೀಶೆ ಹೊರಹಾಕಿದರು, ಅಷ್ಟೆ.

ವಾಷಿಂಗ್ಟನ್ ರಾಜ್ಯ ಬೇರೆ ದಾರಿ ಹಿಡಿಯಿತು. ಸ್ಪೋಕೇನ್ ಪ್ರಾದೇಶಿಕ ಆರೋಗ್ಯ ಡಿಸ್ಟ್ರಿಕ್ಟ್‌ನಲ್ಲಿ 2020ರ ಕೊನೆಗೆ ಆರೋಗ್ಯಾಧಿಕಾರಿ ಡಾ. ಬಾಬ್ ಲಟ್ಜ್ ಅವರನ್ನು ಕೆಲಸದಿಂದ ತೆಗೆದದ್ದು ದೊಡ್ಡ ಗದ್ದಲವಾಯಿತು. ಮರುವರ್ಷ ಶಾಸನಸಭೆ ಒಂದು ನಿಯಮ ಮಾಡಿತು: ಆರೋಗ್ಯ ಮಂಡಳಿಗಳಲ್ಲಿ ಚುನಾಯಿತ ರಾಜಕಾರಣಿಗಳಷ್ಟೇ ಸಂಖ್ಯೆಯಲ್ಲಿ ಚುನಾಯಿತರಲ್ಲದವರೂ ಇರಬೇಕು. ಒಡೆಯುವುದಕ್ಕಿಂತ ಕುರ್ಚಿ ಹಂಚುವುದು ಅಗ್ಗ. ಕೊಲರಾಡೊದ ಮೂರು ಕೌಂಟಿಗಳೂ ಮಂಡಳಿಯ ರಚನೆಯನ್ನೇ ತಿದ್ದಿಕೊಂಡು ಒಟ್ಟಿಗೇ ಉಳಿಯಬಹುದಿತ್ತು ಎಂದು ನನಗನ್ನಿಸುವುದು ಇದಕ್ಕೇ.

ಒಂದು ರಸ್ತೆ, ಎರಡು ಬದಿ

ಅರೋರಾ ನಗರ ಕೊಲರಾಡೊದ ಮೂರನೇ ದೊಡ್ಡ ಊರು. ಅದು ಆಡಮ್ಸ್‌ನಲ್ಲೂ ಇದೆ, ಅರಪಾಹೋದಲ್ಲೂ ಇದೆ, ತುದಿಯೊಂದು ಡಗ್ಲಸ್‌ಗೂ ಚಾಚಿದೆ. ಊರ ನಡುವೆ ಪೂರ್ವ–ಪಶ್ಚಿಮವಾಗಿ ಹೋಗುವ ಕೋಲ್‌ಫ್ಯಾಕ್ಸ್ ಅವೆನ್ಯೂ ಎಂಬ ಹಳೆಯ ಹೆದ್ದಾರಿಯೇ ಅಲ್ಲಿ ಎರಡು ಕೌಂಟಿಗಳ ಗಡಿ. ಉತ್ತರದ ಬದಿ ಆಡಮ್ಸ್, ದಕ್ಷಿಣದ ಬದಿ ಅರಪಾಹೋ. ಉತ್ತರದಲ್ಲಿ ದೊಡ್ಡ ವೈದ್ಯಕೀಯ ವಿಶ್ವವಿದ್ಯಾಲಯ. ಎರಡೂ ಬದಿಗೆ ಸಣ್ಣ ಸಣ್ಣ ಹೋಟೆಲುಗಳು. ಜನ ದಿನಕ್ಕೆ ಹತ್ತು ಸಲ ಸಿಗ್ನಲ್ ನೋಡಿಕೊಂಡು ಈಚೆಯಿಂದ ಆಚೆಗೆ ದಾಟುತ್ತಾರೆ, ಅವರ ಜತೆ ಕೆಮ್ಮು ನೆಗಡಿಯೂ.

2022ರವರೆಗೆ ಆ ರಸ್ತೆಯ ಎರಡೂ ಬದಿಯ ಅಡುಗೆಮನೆಗಳಿಗೆ ಥರ್ಮಾಮೀಟರ್ ಹಿಡಿದು ಬರುತ್ತಿದ್ದವರು ಒಂದೇ ಕಚೇರಿಯವರು. 2023ರ ಜನವರಿ 1ರಿಂದ ಉತ್ತರದ ಬದಿಗೆ ಒಂದು ಕಚೇರಿಯ ಇನ್ಸ್‌ಪೆಕ್ಟರ್, ದಕ್ಷಿಣದ ಬದಿಗೆ ಇನ್ನೊಂದು ಕಚೇರಿಯವರು ಬರುತ್ತಾರೆ.